ನಾಳೆಯ ತೆರಿಗೆಯಲ್ಲಿ ಇವತ್ತಿನ ರಸ್ತೆ: ದೊಡ್ಡಮ್ಮ ಹೇಳಿದ ಮೂಲಗೇಣಿ ಲೆಕ್ಕ

ಏಪ್ರಿಲ್ ಬಂದರೆ ನಮ್ಮ ಮನೆಯಲ್ಲಿ ಎರಡು ಕೆಲಸ ತಪ್ಪುವುದಿಲ್ಲ. ಒಂದು ಹಲಸಿನಕಾಯಿ ಹಪ್ಪಳ, ಇನ್ನೊಂದು ಮನೆ ತೆರಿಗೆ. ಆ ತಿಂಗಳೊಳಗೆ ಕಟ್ಟಿದರೆ ಶೇಕಡಾ 5 ರಿಯಾಯಿತಿ ಉಂಟು. ಜೂನ್ ದಾಟಿತೋ, ತಿಂಗಳಿಗೆ ಶೇಕಡಾ 2ರಂತೆ ದಂಡ. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತೆರಡು ವರ್ಷ ಕೂತು ನಿವೃತ್ತಳಾದವಳು ನಾನು. ಐದು ಪರ್ಸೆಂಟ್ ಸುಮ್ಮನೆ ಬಿಡಲಿಕ್ಕೆ ನನಗೆ ಮನಸ್ಸು ಬರುತ್ತದಾ?

ಆದರೆ ಇಷ್ಟು ವರ್ಷ ಚಲನ್‌ನ ಕೊನೆಯ ಮೊತ್ತ ಮಾತ್ರ ನೋಡುತ್ತಿದ್ದೆ. ಈ ಸಲ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ತೆರಿಗೆಯ ಕೆಳಗೆ ಸಣ್ಣ ಸಣ್ಣ ಸಾಲುಗಳು: ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3. ನಾನು ಕೊಟ್ಟ ರೂಪಾಯಿಯಲ್ಲಿ ಇಷ್ಟು ಪೈಸೆ ಪುಸ್ತಕಕ್ಕೆ, ಇಷ್ಟು ಪೈಸೆ ನಿರ್ಗತಿಕರಿಗೆ ಎಂದು ಮೊದಲೇ ಹೆಸರು ಬರೆದು ಬೇರೆ ಮಾಡಿದ್ದಾರೆ. ತೆರಿಗೆಗೂ ಹೀಗೆ ಹೆಸರು ಬರೆಯಲಿಕ್ಕೆ ಆಗುತ್ತದೆ ಅಂತ ಆವತ್ತೇ ಹೊಳೆದದ್ದು.

ಅದೇ ವಾರ ಶಿಕಾಗೋದಿಂದ ಮಗಳ ಫೋನು. ಅವರು ಅಲ್ಲಿ ಒಂದು ಫ್ಲಾಟ್ ತೆಗೆದುಕೊಂಡು ಎರಡು ವರ್ಷ ಆಯ್ತು. “ಅಮ್ಮಾ, ನಮ್ಮ ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲಲ್ಲಿ ಶಾಲೆಗೆ ಇಷ್ಟು, ಪಾರ್ಕಿಗೆ ಇಷ್ಟು ಅಂತ ಪಟ್ಟಿ ಉಂಟು. ಅದರಲ್ಲೇ ಟಿಐಎಫ್ ಅಂತ ಒಂದು ಸಾಲು. ಎಂತದ್ದು ಅದು? ನೀನು ಬ್ಯಾಂಕಿನವಳಲ್ವಾ?” ಅಂದಳು.

ಗೊತ್ತಿಲ್ಲ ಅಂತ ಹೇಳಲಿಕ್ಕೆ ನಾಚಿಕೆಯಾಯ್ತು. “ನಾಳೆ ಹೇಳ್ತೇನೆ” ಅಂದೆ. ಆ ‘ನಾಳೆ’ ಒಂದು ತಿಂಗಳಾಯ್ತು. ಓದಿದ್ದು ಸ್ವಲ್ಪ. ಅರ್ಥವಾದದ್ದು ಮಾತ್ರ ಪುಸ್ತಕದಿಂದಲ್ಲ, ಕಾಪುವಿನಲ್ಲಿರುವ ನಮ್ಮ ದೊಡ್ಡಮ್ಮನಿಂದ.

ಇದು ಪಿಗ್ಮಿಯ ತಿರುವುಮುರುವು

ಟಿಐಎಫ್ ಅಂದರೆ ಟ್ಯಾಕ್ಸ್ ಇನ್‌ಕ್ರಿಮೆಂಟ್ ಫೈನಾನ್ಸಿಂಗ್. ಮುಂದೆ ಏರಲಿರುವ ಆಸ್ತಿ ತೆರಿಗೆಯನ್ನು ನೆಚ್ಚಿಕೊಂಡು ಇವತ್ತೇ ಸಾಲ ಮಾಡಿ ಊರಿನ ಕೆಲಸ ಮಾಡಿಸುವ ಕ್ರಮ.

ಪಿಗ್ಮಿಯ ಊರಿನವರಿಗೆ ಇದನ್ನು ತಿಳಿಸುವುದು ಸುಲಭ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದರು. ಮೊದಲು ಚೂರುಪಾರು ಕೂಡಿಡುವುದು, ಆಮೇಲೆ ಮಾಡು ರಿಪೇರಿಯೋ ಮಗಳ ಮದುವೆಯೋ ಮಾಡುವುದು. ಟಿಐಎಫ್‌ನಲ್ಲಿ ಇದೇ ಉಲ್ಟಾ. ಮೊದಲು ಮಾಡು ಕಟ್ಟಿಸುತ್ತಾರೆ, ಎರಡೆರಡಾಣೆ ಆಮೇಲೆ ಬರುತ್ತದೆ.

ಲೆಕ್ಕಕ್ಕಾಗಿ ಒಂದು ಪೇಟೆಯನ್ನು ಕಲ್ಪಿಸಿಕೊಳ್ಳಿ. ಅಲ್ಲಿನ ಎಲ್ಲ ಕಟ್ಟಡಗಳಿಂದ ವರ್ಷಕ್ಕೆ 20 ಲಕ್ಷ ರೂಪಾಯಿ ತೆರಿಗೆ ಬರುತ್ತದೆ. ರಸ್ತೆ ಹಾಳು, ಚರಂಡಿ ಇಲ್ಲ, ಹಾಗಾಗಿ ಹೊಸ ಅಂಗಡಿಗಳು ಬರುವುದಿಲ್ಲ. ಪುರಸಭೆ ಆ ಪೇಟೆಯ ಸುತ್ತ ನಕ್ಷೆಯಲ್ಲಿ ಒಂದು ಗೆರೆ ಎಳೆದು, ಇದು 20 ವರ್ಷದ ವಿಶೇಷ ವಲಯ ಎಂದು ಘೋಷಿಸುತ್ತದೆ. 1 ಕೋಟಿ ಸಾಲ ತೆಗೆದು ರಸ್ತೆ, ಚರಂಡಿ ಮಾಡುತ್ತದೆ. ಗೆರೆ ಎಳೆದ ದಿನದ 20 ಲಕ್ಷಕ್ಕೆ ‘ಮೂಲ’ ಎಂದು ಹೆಸರು. ಅದು ಎಂದಿನಂತೆ ಪುರಸಭೆಯ ಖಜಾನೆಗೆ ಹೋಗುತ್ತಾ ಇರುತ್ತದೆ. ರಸ್ತೆಯಾದ ಮೇಲೆ ಅಂಗಡಿ ಬಂತು, ಮಾಳಿಗೆ ಎದ್ದಿತು, 5ನೇ ವರ್ಷ ತೆರಿಗೆ 30 ಲಕ್ಷವಾಯ್ತು ಅಂತಿಟ್ಟುಕೊಳ್ಳಿ. ಹೆಚ್ಚಾದ 10 ಲಕ್ಷ ಪುರಸಭೆಯ ಸಾಮಾನ್ಯ ಖಜಾನೆಗೆ ಹೋಗುವುದಿಲ್ಲ. ಅದಕ್ಕೆ ಬೇರೆಯೇ ಖಾತೆ, ಅಲ್ಲಿಂದ ಸಾಲಕ್ಕೆ ಜಮೆ. 10ನೇ ವರ್ಷ 50 ಲಕ್ಷವಾದರೆ 30 ಲಕ್ಷ ಆ ಖಾತೆಗೆ. ಸಾಲ ತೀರಿದ ಮೇಲೆ ಗೆರೆ ಅಳಿಸುತ್ತಾರೆ. ಅಲ್ಲಿಂದಾಚೆಗೆ ಪೂರ್ತಿ 50 ಲಕ್ಷ ಪುರಸಭೆಯದ್ದು.

ಹೊಸ ತೆರಿಗೆ ಇಲ್ಲ, ತೆರಿಗೆಯ ದರವನ್ನೂ ಏರಿಸಲಿಲ್ಲ, ಊರು ಉದ್ಧಾರವಾಯ್ತು. ಕೇಳಲಿಕ್ಕೆ ಎಷ್ಟು ಚಂದ!

ಆದರೆ ಕೌಂಟರಿನಲ್ಲಿ ಕೂತ ಅಭ್ಯಾಸ ಸುಮ್ಮನಿರಲು ಬಿಡುತ್ತದಾ? 1 ಕೋಟಿಗೆ ಶೇಕಡಾ 8ರ ಬಡ್ಡಿ ಹಿಡಿದರೂ ವರ್ಷಕ್ಕೆ 8 ಲಕ್ಷ. 5ನೇ ವರ್ಷದಲ್ಲಿ 10 ಲಕ್ಷ ಬಂದೀತು, ಸರಿ. ಮೊದಲ ನಾಲ್ಕು ವರ್ಷದ ಬಡ್ಡಿ ಎಲ್ಲಿಂದ? ಅಂಗಡಿಗಳು ಬಾರದೇ ಹೋದರೆ? ಈ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಕಾಪುವಿಗೆ ಬಸ್ಸು ಹತ್ತಿದೆ.

“ಇದು ಮೂಲಗೇಣಿಯೇ ಅಲ್ವಾ ಮಗಾ?”

ದೊಡ್ಡಮ್ಮನಿಗೆ ಎಂಬತ್ತಾರು. ಕಣ್ಣು ಮಂದ, ಆದರೆ ನೆನಪು ಚುರುಕು. ಹನ್ನೆರಡು ಸೆಂಟ್ಸ್ ಹಿತ್ತಿಲು, ಹಂಚಿನ ಮನೆ, ಆರು ತೆಂಗಿನಮರ, ಒಂದು ಬಾವಿ. ದೊಡ್ಡಪ್ಪನ ಪೆನ್ಶನ್ನಿನ ಅರ್ಧ ಬರುತ್ತದೆ. ಮಜ್ಜಿಗೆ ಕುಡಿಯುತ್ತಾ ಟಿಐಎಫ್ ಕಥೆಯನ್ನು ಅವರಿಗೆ ಹೇಳಿದೆ. ಹೇಳಿ ಮುಗಿಸುವ ಮೊದಲೇ ಅವರು ನಕ್ಕರು.

“ಇದು ಮೂಲಗೇಣಿಯೇ ಅಲ್ವಾ ಮಗಾ? ನಮ್ಮ ಈ ಹಿತ್ತಿಲು ಮೊದಲು ಮೂಲಗೇಣಿದು. ನನ್ನ ಮಾವನ ಅಪ್ಪನ ಕಾಲದಲ್ಲಿ ಧಣಿಗಳಿಗೆ ವರ್ಷಕ್ಕೆ ಮೂರು ಮುಡಿ ಅಕ್ಕಿ ಅಂತ ಮಾತಾಗಿತ್ತು. ಮಾತಾಯ್ತು ಅಂದರೆ ಆಯ್ತು, ಆಮೇಲೆ ಅದು ಏರುವ ಹಾಗಿಲ್ಲ. ನಾವು ಬಾವಿ ತೋಡಿದೆವು, ತೆಂಗು ನೆಟ್ಟೆವು. ಬಂದ ಹೆಚ್ಚಿನದ್ದೆಲ್ಲ ನಮ್ಮದು. ಧಣಿಗೆ ಮಾತ್ರ ಅದೇ ಮೂರು ಮುಡಿ.”

ನಾನು ಕೂತಲ್ಲೇ ಕೂತೆ. ತಿಂಗಳಿಡೀ ಓದಿ ತಲೆಗೆ ಹೋಗದ್ದು ಮೂರು ಮುಡಿ ಅಕ್ಕಿಯಲ್ಲಿ ಹೋಯ್ತು.

ಹೊರಗಿನ ಓದುಗರಿಗೆ ಒಂದು ಮಾತು ಹೇಳಬೇಕು. ನಮ್ಮ ಕರಾವಳಿಯಲ್ಲಿ ಗೇಣಿ ಎರಡು ಬಗೆಯದ್ದಿತ್ತು. ಚಾಲಗೇಣಿಯಲ್ಲಿ ಧಣಿ ಬೇಕಾದಾಗ ಗೇಣಿ ಏರಿಸಬಹುದು, ಒಕ್ಕಲನ್ನು ಬಿಡಿಸಲೂಬಹುದು. ಮೂಲಗೇಣಿ ಶಾಶ್ವತ, ಗೇಣಿಯ ಮೊತ್ತವೂ ಶಾಶ್ವತ. ಪೇಟೆಗಳಲ್ಲಿ ಮೂಲಗೇಣಿ ಜಾಗಗಳು ತೀರಾ ಇತ್ತೀಚಿನವರೆಗೂ ಉಳಿದವು. ಮೂಲಗೇಣಿದಾರರಿಗೆ ಒಡೆತನ ಕೊಡಲೆಂದೇ ರಾಜ್ಯದಲ್ಲಿ 2011ರಲ್ಲಿ ಒಂದು ಕಾಯ್ದೆ ಮಾಡಬೇಕಾಯ್ತು.

ಟಿಐಎಫ್‌ನಲ್ಲಿ ಪುರಸಭೆ ಧಣಿಯ ಜಾಗದಲ್ಲಿ ನಿಲ್ಲುತ್ತದೆ. ಅದಕ್ಕೆ ಅದೇ ‘ಮೂಲ’. ಯೋಜನೆಯ ಖಾತೆ ಮೂಲಗೇಣಿ ಒಕ್ಕಲಿನ ಹಾಗೆ, ಹೆಚ್ಚಿನದ್ದೆಲ್ಲ ಅದಕ್ಕೆ.

“ಒಳ್ಳೇದೇ ಅಲ್ವಾ ದೊಡ್ಡಮ್ಮ? ದುಡಿದವನಿಗೆ ಹೆಚ್ಚಿನದ್ದು” ಅಂದೆ.

“ಒಕ್ಕಲಿಗೆ ಒಳ್ಳೇದು. ಧಣಿಗಳ ಮನೆ ಎಂತಾಯ್ತು ಗೊತ್ತುಂಟಾ ನಿಂಗೆ? ಮೂರು ಮುಡಿ ಮೂರೇ ಮುಡಿಯಾಗಿ ಉಳೀತು. ಆಳಿನ ಸಂಬಳ ಏರಿತು, ಎಣ್ಣೆಗೆ ಬೆಲೆ ಏರಿತು. ಕಡೆಗೆ ಅವರ ದೈವದ ಮನೆಯ ಮಾಡಿಗೆ ಹಂಚು ಹೊದೆಸಲಿಕ್ಕೂ ಅವರಲ್ಲಿ ದುಡ್ಡಿರಲಿಲ್ಲ. ನಿನ್ನ ಪುರಸಭೆಗೆ ಇಪ್ಪತ್ತು ವರ್ಷ ಅದೇ ದುಡ್ಡು ಅಂದರೆ, ಕಸ ಗುಡಿಸುವವರಿಗೆ ಇಪ್ಪತ್ತು ವರ್ಷ ಅದೇ ಸಂಬಳ ಸಾಕಾಗ್ತದಾ?”

ನನ್ನ ಚೀಟಿಯಲ್ಲಿ ಈ ಪ್ರಶ್ನೆ ಇರಲೇ ಇಲ್ಲ. ವಲಯದಲ್ಲಿ ಅಂಗಡಿ ಹೆಚ್ಚಾದರೆ ಕಸ ಹೆಚ್ಚು, ನೀರು ಹೆಚ್ಚು, ಬೀದಿದೀಪ ಹೆಚ್ಚು. ಖರ್ಚು ಪುರಸಭೆಗೆ ಏರುತ್ತದೆ, ಆದಾಯ ನಿಂತಲ್ಲೇ ನಿಂತಿರುತ್ತದೆ. ಆ ವ್ಯತ್ಯಾಸವನ್ನು ತುಂಬುವವರು ಗೆರೆಯ ಹೊರಗಿನ ವಾರ್ಡಿನವರು.

ಎಲ್ಲಿ ಫಲಿಸಿತು, ಎಲ್ಲಿ ಮುಗ್ಗರಿಸಿತು

ಈ ಕ್ರಮ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 1952ರಲ್ಲಿ. ಮಗಳಿರುವ ಶಿಕಾಗೋದಲ್ಲಿ ಮೊದಲ ವಲಯ ಶುರುವಾದದ್ದು 1984ರಲ್ಲಿ. ಆ ರಾಜ್ಯದ ಕಾನೂನಿನಂತೆ ಒಂದು ವಲಯದ ಆಯುಸ್ಸು ಸಾಮಾನ್ಯವಾಗಿ 23 ವರ್ಷ. ಮಗು ಹುಟ್ಟಿ, ಓದಿ, ಕೆಲಸಕ್ಕೆ ಸೇರುವಷ್ಟು ಕಾಲ.

ಅಲ್ಲಿ ಒಂದು ತೊಡಕುಂಟು. ಅಮೆರಿಕದಲ್ಲಿ ಆಸ್ತಿ ತೆರಿಗೆ ನಗರಾಡಳಿತಕ್ಕೆ ಮಾತ್ರ ಹೋಗುವುದಲ್ಲ, ಶಾಲೆಗಳಿಗೂ ಅದರಿಂದಲೇ ದೊಡ್ಡ ಪಾಲು. ‘ಮೂಲ’ ಸ್ಥಿರವಾದರೆ ಆ ವಲಯದಿಂದ ಶಾಲೆಗೆ ಬರುವ ಪಾಲೂ ಸ್ಥಿರ. ಕ್ಯಾಲಿಫೋರ್ನಿಯಾದಲ್ಲಿ ಶಾಲೆಗಳ ಕೊರತೆಯನ್ನು ರಾಜ್ಯ ಸರಕಾರವೇ ತುಂಬಿಕೊಡಬೇಕಾಗುತ್ತಿತ್ತು. ರಾಜ್ಯದ ಬೊಕ್ಕಸಕ್ಕೆ ಬರಗಾಲ ಬಂದಾಗ, ಈ ಕ್ರಮವನ್ನು ನಡೆಸುತ್ತಿದ್ದ ಸುಮಾರು 400 ಪುನರಭಿವೃದ್ಧಿ ಸಂಸ್ಥೆಗಳನ್ನು 2012ರ ಫೆಬ್ರವರಿ 1ರಂದು ಒಂದೇ ಏಟಿಗೆ ಮುಚ್ಚಿದರು. ಹುಟ್ಟಿದ ಮನೆಯಲ್ಲೇ ಹೀಗಾಯ್ತು.

ಫಲಿಸಿದ್ದೂ ಉಂಟು. ಲಂಡನ್ನಿನಲ್ಲಿ ನಾರ್ದರ್ನ್ ಲೈನ್ ಎಂಬ ರೈಲು ಮಾರ್ಗವನ್ನು ಬ್ಯಾಟರ್‌ಸೀವರೆಗೆ ಮುಂದುವರಿಸಲು ನಗರಾಡಳಿತ 100 ಕೋಟಿ ಪೌಂಡ್‌ವರೆಗೆ ಸಾಲದ ಏರ್ಪಾಟು ಮಾಡಿತು. ಪಾಳು ಬಿದ್ದ ವಿದ್ಯುತ್ ಸ್ಥಾವರದ ಸುತ್ತಲಿನ ಜಾಗವನ್ನು 2016ರಿಂದ 25 ವರ್ಷಗಳ ವಲಯ ಮಾಡಿ, ಅಲ್ಲಿ ಹೆಚ್ಚುವ ವ್ಯಾಪಾರಿ ಕಟ್ಟಡಗಳ ತೆರಿಗೆಯನ್ನೂ ಕಟ್ಟಡ ಕಟ್ಟುವವರ ವಂತಿಗೆಯನ್ನೂ ಸಾಲಕ್ಕೆ ಜಮೆ ಮಾಡುವ ಲೆಕ್ಕ. 2021ರ ಸೆಪ್ಟೆಂಬರಿನಲ್ಲಿ ರೈಲು ಓಡಿತು. ಅಲ್ಲಿ ರೈಲು ಬಾರದೆ ಕಟ್ಟಡಗಳು ಅಷ್ಟು ಏಳುತ್ತಿರಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಇಡೀ ವಿಷಯದ ಜೀವ ಇರುವುದು ಈ ಮಾತಿನಲ್ಲೇ. ಯೋಜನೆ ಇಲ್ಲದಿದ್ದರೂ ಬೆಲೆ ಏರುತ್ತಿತ್ತಾ? ಏರುತ್ತಿತ್ತು ಅಂತಾದರೆ, ಏರಿದ ತೆರಿಗೆ ಯೋಜನೆಯ ಸಂಪಾದನೆ ಹೇಗಾಗುತ್ತದೆ? ಅದು ಊರಿಗೆ ಹೇಗೂ ಬರಬೇಕಾಗಿದ್ದ ದುಡ್ಡು.

ಮಣಿಪಾಲದ ಗುಡ್ಡ

ಈ ಪ್ರಶ್ನೆಯನ್ನು ನಮ್ಮೂರಿಗೇ ಕೇಳಿ ನೋಡಿದೆ. ನಮ್ಮಲ್ಲಿ ಟಿಐಎಫ್ ವಲಯ ಎಂಬುದು ಎಲ್ಲೂ ಇಲ್ಲ. ಇದ್ದರೆ ಎಂತಾಗುತ್ತಿತ್ತು ಅಂತ ಒಂದು ಲೆಕ್ಕ ಅಷ್ಟೆ.

ಮಣಿಪಾಲದಲ್ಲಿ ನನ್ನ ತಮ್ಮನದ್ದು ಬಾಡಿಗೆಯ ಜೆರಾಕ್ಸ್ ಅಂಗಡಿ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡುವಾಗ ಅದು ಬೋಳು ಗುಡ್ಡ. ಹಗಲಲ್ಲೂ ಜನ ಒಬ್ಬೊಬ್ಬರೇ ಹೋಗಲು ಹೆದರುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. ಇವತ್ತು ಟೈಗರ್ ಸರ್ಕಲ್ಲಿನಲ್ಲಿ ನಿಂತರೆ ಇಡೀ ದೇಶದ ಭಾಷೆಗಳು ಕಿವಿಗೆ ಬೀಳುತ್ತವೆ. ಗುಡ್ಡದ ಬೆಲೆ ಏರಿಸಿದ್ದು ಕಾಲೇಜು, ಆಸ್ಪತ್ರೆ. ರಸ್ತೆ ಅಗಲವಾದದ್ದು ರಾಷ್ಟ್ರೀಯ ಹೆದ್ದಾರಿ 169ಎ ಲೆಕ್ಕದಲ್ಲಿ. ಜಿಲ್ಲಾಧಿಕಾರಿ ಕಚೇರಿ ರಜತಾದ್ರಿಗೆ ಬಂತು. ಅಲ್ಲಿಗೆ ಟಿಐಎಫ್ ಗೆರೆ ಎಳೆದಿದ್ದರೆ, ಯಾರೋ ಬೆಳೆಸಿದ ಬೆಳೆಯನ್ನು ಇನ್ನೊಬ್ಬರು ಕೊಯ್ದ ಹಾಗೆ. ಶಿಕಾಗೋದಲ್ಲಿ 2019ರಲ್ಲಿ ಲಿಂಕನ್ ಯಾರ್ಡ್ಸ್ ಎಂಬ ಭಾರೀ ಯೋಜನೆಗೆ ಟಿಐಎಫ್ ಮಂಜೂರು ಮಾಡಿದಾಗ ಎದ್ದ ಜಗಳವೂ ಇದೇ. ಅನುಕೂಲಸ್ಥರ ಬಡಾವಣೆಗಳ ನಡುವಿನ ಜಾಗಕ್ಕೆ ಇದು ಯಾಕೆ ಎಂದು ಜನ ಕೇಳಿದರು.

ಇನ್ನೊಂದು ಸಂಗತಿ ನಾವು ಮರೆಯುತ್ತೇವೆ. ಆಡಳಿತದಲ್ಲಿ ಮಣಿಪಾಲ ಬೇರೆ ಊರಲ್ಲ, ಉಡುಪಿ ನಗರಸಭೆಯ 35 ವಾರ್ಡುಗಳ ಒಳಗೇ ಬರುತ್ತದೆ. ಮಲ್ಪೆಯೂ ಅದೇ ನಗರಸಭೆ. ಮಣಿಪಾಲದ ಬಹುಮಹಡಿ ಕಟ್ಟಡದವರು ಕಟ್ಟಿದ ತೆರಿಗೆ ಮಲ್ಪೆಯ ಓಣಿಯ ದೀಪಕ್ಕೂ ಹೋಗುತ್ತದೆ. ನಗರಸಭೆ ಅಂತ ಒಂದು ಇರುವುದೇ ಅದಕ್ಕಲ್ಲವಾ? ಏರಿಕೆಗೆ ಬೇಲಿ ಹಾಕಿದರೆ ಮಣಿಪಾಲದ್ದು ಮಣಿಪಾಲಕ್ಕೇ. 2019ರ ಬೇಸಿಗೆಯಲ್ಲಿ ಸ್ವರ್ಣೆಯ ಬಜೆ ಅಣೆಕಟ್ಟು ಬರಿದಾಗಿ ನೀರಿಗೆ ತತ್ವಾರವಾದಾಗ ಫ್ಲಾಟಿನವರೂ ಹಂಚಿನ ಮನೆಯವರೂ ಒಂದೇ ಟ್ಯಾಂಕರಿಗೆ ಕಾದದ್ದು ನೆನಪಿದೆ. ನೀರು ಹಂಚಿಕೊಂಡ ಮೇಲೆ ತೆರಿಗೆಯೂ ಹಂಚಿಕೆಯಾಗಬೇಕು.

ತಮ್ಮ ಹೇಳಿದ್ದು ಇನ್ನೂ ಹತ್ತಿರದ ಮಾತು. “ಅಕ್ಕಾ, ಕಟ್ಟಡದವರ ತೆರಿಗೆ ಏರಿದರೆ ಅವರು ನನ್ನ ಬಾಡಿಗೆಯಲ್ಲಿ ಹಿಡೀತಾರೆ. ಹೆಸರು ಅವರದ್ದು, ಕಟ್ಟುವವ ನಾನು.” ಬೆಲೆ ಏರಿದಾಗ ಲಾಭ ಮಾಲೀಕನಿಗೆ, ಬಾಡಿಗೆಯವನಿಗೆ ಖರ್ಚು ಮಾತ್ರ.

ಕಾಪುವಿನ ಗೆರೆ ಯಾವ ವರ್ಷದ್ದು?

ಕಾಪುವಿನ ಕಥೆ ಬೇರೆ. 1901ರ ದೀಪಸ್ತಂಭ, ಕಡಲು, ಮಾರಿಯಮ್ಮ. ಮೊನ್ನೆ ಮೊನ್ನೆವರೆಗೂ ಪಂಚಾಯತು, ಪುರಸಭೆಯಾದದ್ದು 2015ರಲ್ಲಿ. ಹೊಸ ಮಾರಿಗುಡಿ ಎದ್ದು 2025ರಲ್ಲಿ ಬ್ರಹ್ಮಕಲಶೋತ್ಸವವಾಯ್ತು. ಈಗ ಬರುವ ಜನವೋ ಜನ.

ಗುಡಿಗೆ ಆಸ್ತಿ ತೆರಿಗೆ ಇಲ್ಲ, ಅದು ಸರಿಯೇ. ಆದರೆ ಗುಡಿಗೆ ಬಂದವರಿಗೆ ಪಾರ್ಕಿಂಗ್ ಬೇಕು, ಶೌಚಾಲಯ ಬೇಕು, ನೀರು ಬೇಕು. ಖರ್ಚು ಸಣ್ಣ ಪುರಸಭೆಯ ತಲೆಗೆ. ಬಂದವರಿಂದ ವ್ಯಾಪಾರ ಹೆಚ್ಚುವುದು ಸುತ್ತಲಿನ ಹೋಟೆಲು, ಲಾಡ್ಜು, ಅಂಗಡಿಗಳಿಗೆ. ಟಿಐಎಫ್‌ಗೆ ತಕ್ಕ ಜಾಗ ಅಂತ ಇದ್ದರೆ ಇಂಥದ್ದು. ಪಾರ್ಕಿಂಗ್, ಚರಂಡಿ ಮಾಡಿದರೆ ವ್ಯಾಪಾರ ಇನ್ನೂ ಹೆಚ್ಚುತ್ತದೆ, ಹೆಚ್ಚಿದ್ದರಿಂದ ಖರ್ಚು ಹುಟ್ಟುತ್ತದೆ.

ಆದರೆ ಗೆರೆ ಎಳೆಯುವ ವರ್ಷ ಯಾವುದು? ಗುಡಿ ಏಳುವ ಮೊದಲಿನ ವರ್ಷವನ್ನು ‘ಮೂಲ’ ಎಂದು ಹಿಡಿದರೆ, ಆಗಲೇ ಆಗಿಹೋದ ಏರಿಕೆಯೂ ಯೋಜನೆಯ ಖಾತೆಗೆ ಹೋಗುತ್ತದೆ. ಇನ್ನೊಂದು ಹೊಂಡವೂ ಉಂಟು. ನಮ್ಮ ರಾಜ್ಯದಲ್ಲಿ 2021ರ ತಿದ್ದುಪಡಿಯ ನಂತರ ಆಸ್ತಿ ತೆರಿಗೆಗೆ ಮಾರ್ಗಸೂಚಿ ದರವೇ ಆಧಾರ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಆ ದರಗಳ ಪರಿಷ್ಕರಣೆಯಾಯ್ತು. ಇಂಥ ಸಾರ್ವತ್ರಿಕ ಏರಿಕೆ ಬಂದಾಗ ಒಂದು ಬುಟ್ಟಿ ಜಲ್ಲಿ ಹಾಕದಿದ್ದರೂ ವಲಯದ ತೆರಿಗೆ ಏರುತ್ತದೆ. ಅದನ್ನೂ ‘ನಮ್ಮ ಯೋಜನೆಯ ಫಲ’ ಅಂತ ಬರೆದುಕೊಳ್ಳಬಹುದು. ಆದ್ದರಿಂದ ಸಾರ್ವತ್ರಿಕ ಏರಿಕೆಯಾದಾಗ ಪುರಸಭೆಯ ‘ಮೂಲ’ವೂ ಅಷ್ಟೇ ಏರಬೇಕು. ದೊಡ್ಡಮ್ಮ ಹೇಳಿದ ಧಣಿ ಮನೆಯ ಗತಿ ತಪ್ಪಿಸಲಿಕ್ಕೆ ಇದೊಂದು ದಾರಿ.

ಕಾರ್ಕಳದಲ್ಲಿ ಬೆಳೆಯದ ಜಾಗ

ನನ್ನ ಗಂಡನ ಮನೆ ಕಾರ್ಕಳ ಬದಿ. ಕಳೆದ ತಿಂಗಳು ನಾದಿನಿಯ ಮನೆಯ ಪೂಜೆಗೆ ಹೋದಾಗ ಆನೆಕೆರೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ಕೂತೆ. 1432ರ ಗೊಮ್ಮಟ ಮೇಲೆ ಬಂಡೆಯ ಮೇಲಿದ್ದಾನೆ, ಎದುರಿಗೆ 1586ರ ಚತುರ್ಮುಖ ಬಸದಿ. ಇವು ಸಂರಕ್ಷಿತ ಸ್ಮಾರಕಗಳು. ಕೇಂದ್ರದ ಕಾನೂನಿನಂತೆ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ 200 ಮೀಟರ್‌ವರೆಗೆ ನಿಯಂತ್ರಣ.

ಅಂದರೆ ಇಲ್ಲಿ ಮಾಳಿಗೆ ಏಳುವುದಿಲ್ಲ, ಏಳಲೂಬಾರದು. ಮಾಳಿಗೆ ಏಳದಿದ್ದರೆ ತೆರಿಗೆ ಏರುವುದಿಲ್ಲ. ತೆರಿಗೆ ಏರದ ಜಾಗಕ್ಕೆ ಟಿಐಎಫ್ ಲೆಕ್ಕದಲ್ಲಿ ಸಾಲ ಕೊಡುವವರು ಯಾರು? ಕೆರೆಯ ಹೂಳು ತೆಗೆಯಬೇಕು, ಸ್ಮಾರಕದ ದಾರಿ ಸರಿ ಮಾಡಬೇಕು, ಸ್ಮಶಾನಕ್ಕೆ ಮಾಡು ಬೇಕು, ಅಂಗನವಾಡಿಗೆ ಸುಣ್ಣ ಬಳಿಯಬೇಕು. ಇವು ಯಾವುವೂ ಮರುವರ್ಷ ಲಾಭ ತೋರಿಸುವ ಕೆಲಸಗಳಲ್ಲ. ಏರಿಕೆಯ ದುಡ್ಡನ್ನೇ ನೆಚ್ಚಿ ಊರು ಕಟ್ಟಲು ಹೊರಟರೆ, ಲಾಭ ತರುವ ಬೀದಿಗೆ ಮೊದಲ ಸರದಿ, ಕೆರೆಗೆ ಸರದಿಯೇ ಇಲ್ಲ.

ನಮ್ಮಲ್ಲಿ ಇದು ಬಂದರೆ

ಬರುವ ಸಾಧ್ಯತೆ ಇಲ್ಲ ಅಂತ ಸುಮ್ಮನಿರುವ ಹಾಗಿಲ್ಲ. ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2017ರಲ್ಲಿ ಹೊರತಂದ ಭೂಮೌಲ್ಯದ ಏರಿಕೆಯಿಂದ ಹಣ ಹೊಂದಿಸುವ ನೀತಿಯ ಚೌಕಟ್ಟಿನಲ್ಲಿ ಟಿಐಎಫ್ ಕೂಡ ಒಂದು ದಾರಿ ಎಂದು ಹೇಳಿದೆ.

ಅದರ ಅಣ್ಣತಮ್ಮಂದಿರು ನಮ್ಮಲ್ಲಿ ಮೊದಲಿಂದಲೇ ಉಂಟು. ಜಾಗದ ಬಳಕೆ ಬದಲಿಸಲು ಹೋದರೆ ನಗರ ಯೋಜನಾ ಕಾಯ್ದೆಯಡಿ ಶುಲ್ಕ ಕಟ್ಟಬೇಕು. ಬೆಂಗಳೂರಿನಲ್ಲಿ ಬಡಾವಣೆಗೋ ಕಟ್ಟಡಕ್ಕೋ ಅನುಮತಿ ಕೇಳುವಾಗ ನೀರು, ವರ್ತುಲ ರಸ್ತೆ, ಕೊಳೆಗೇರಿ ಸುಧಾರಣೆ, ಮೆಟ್ರೋ ಅಂತ ಹೆಸರು ಬರೆದ ಕರಗಳುಂಟು. ಇವು ಕಟ್ಟುವವರಿಂದ ಒಮ್ಮೆಗೇ ತೆಗೆದುಕೊಳ್ಳುವಂಥವು. ಟಿಐಎಫ್ ಮಾತ್ರ ವರ್ಷಾನುಗಟ್ಟಲೆ, ವಲಯದಲ್ಲಿರುವ ಎಲ್ಲರ ತೆರಿಗೆಯಿಂದ.

ನಮ್ಮ ದೇಶದಲ್ಲಿ ಇದಕ್ಕೊಂದು ವಿಶೇಷ ಅಡ್ಡಿಯುಂಟು. ಕಾಪುವಿನಲ್ಲಿ ಜಾಗದ ಬೆಲೆ ಏರಿ ಮಾರಾಟವಾದರೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಬಹುಪಾಲು ರಾಜ್ಯದ ಬೊಕ್ಕಸಕ್ಕೆ. ರಸ್ತೆ ಮಾಡಿದ್ದು ಪುರಸಭೆ, ಏರಿದ ಬೆಲೆಯ ದೊಡ್ಡ ತುಂಡು ಬೇರೆಯವರ ಬಟ್ಟಲಿಗೆ. ಪುರಸಭೆಗೆ ಉಳಿಯುವುದು ವರ್ಷದ ಆಸ್ತಿ ತೆರಿಗೆ ಮಾತ್ರ. ಅದನ್ನೂ 20 ವರ್ಷಕ್ಕೆ ಅಡವಿಡುವುದಾದರೆ ಎರಡು ಸಲ ಯೋಚಿಸಬೇಕು.

ಸಾಲ ಮಾಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ಕರಾವಳಿ ಪಟ್ಟಣಗಳಿಗೆ ನೀರು, ಒಳಚರಂಡಿ ಮಾಡಿಸಿದ ಯೋಜನೆಯಲ್ಲಿ ಉಡುಪಿಯೂ ಇತ್ತು. 2005ರಲ್ಲಿ ಬೆಂಗಳೂರಿನ ಸುತ್ತಲಿನ 8 ಸಣ್ಣ ನಗರಾಡಳಿತಗಳ ಕುಡಿಯುವ ನೀರಿಗಾಗಿ, ಎಲ್ಲರ ಹೆಸರನ್ನೂ ಒಟ್ಟು ಸೇರಿಸಿ 100 ಕೋಟಿ ರೂಪಾಯಿಯ ಬಾಂಡ್ ಎತ್ತಿದ್ದರು. ಒಬ್ಬೊಬ್ಬರೇ ಹೋದರೆ ಸಾಲ ಹುಟ್ಟದವರಿಗೆ ಒಟ್ಟಾಗಿ ಹೋದಾಗ ಹುಟ್ಟಿತು. ಕಾಪು, ಕಾರ್ಕಳದಂಥ ಪುರಸಭೆಗಳಿಗೆ ಅದೂ ಒಂದು ಪಾಠ.

ಹಾಗಾದರೆ ನಾಳೆ ನಿಮ್ಮ ವಾರ್ಡಿನ ಸಭೆಯಲ್ಲಿ “ಹೊಸ ತೆರಿಗೆ ಇಲ್ಲದೆ ಅಭಿವೃದ್ಧಿ” ಅಂತ ಯಾರಾದರೂ ನಕ್ಷೆ ಬಿಡಿಸಿದರೆ ಎಂತ ಕೇಳಬೇಕು? ನನ್ನ ಚೀಟಿಯಲ್ಲಿ ಈಗ ಐದು ಪ್ರಶ್ನೆಗಳುಂಟು.

1. ಈ ಯೋಜನೆ ಇಲ್ಲದಿದ್ದರೂ ಇಲ್ಲಿ ಬೆಲೆ ಏರುತ್ತಿತ್ತಾ?

2. ‘ಮೂಲ’ ಯಾವ ವರ್ಷದ್ದು? ಸಾರ್ವತ್ರಿಕ ಏರಿಕೆಯ ಜೊತೆ ಅದೂ ಏರುತ್ತದಾ?

3. ತೆರಿಗೆ ಅಂದಾಜಿನಷ್ಟು ಏರದಿದ್ದರೆ ಸಾಲ ಯಾರ ತಲೆಗೆ? ಕಟ್ಟಡ ಕಟ್ಟುವವರಿಗಾ, ಊರಿಗಾ?

4. ವಲಯದ ಹೊರಗಿನ ವಾರ್ಡುಗಳಿಗೆ ಏರಿಕೆಯಲ್ಲಿ ಪಾಲುಂಟಾ?

5. ವಲಯದ ಒಳಗಿರುವ ಬಾಡಿಗೆಯವರಿಗೆ, ಪೆನ್ಶನ್ನಿನವರಿಗೆ ಎಂತ ರಕ್ಷಣೆ?

ತಗಡಿನ ಪೆಟ್ಟಿಗೆ

ಐದನೆಯದ್ದು ದೊಡ್ಡಮ್ಮನ ಪ್ರಶ್ನೆ. ಅವರ ಹನ್ನೆರಡು ಸೆಂಟ್ಸ್‌ಗೆ ಈಗ ಕೇಳುವವರು ಸಾಲುಗಟ್ಟಿದ್ದಾರೆ. ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಆದರೆ ದೊಡ್ಡಮ್ಮನಿಗೆ ಮಾರಲಿಕ್ಕಿಲ್ಲ. ಮಾರದವರಿಗೆ ಏರಿದ ಬೆಲೆ ಕಾಗದದಲ್ಲಿ ಮಾತ್ರ. ತೆರಿಗೆಯನ್ನು ಮಾತ್ರ ನಗದಾಗಿ ಕಟ್ಟಬೇಕು. ಟಿಐಎಫ್‌ನ ಲೆಕ್ಕವೆಲ್ಲ ನಿಂತಿರುವುದು ಇಂಥವರ ತೆರಿಗೆಯೂ ಏರುತ್ತದೆ ಎಂಬ ನಂಬಿಕೆಯ ಮೇಲೆ. ಶಿಕಾಗೋ ಇರುವ ಇಲಿನಾಯ್ ರಾಜ್ಯದಲ್ಲಿ ಕಡಿಮೆ ಆದಾಯದ ಹಿರಿಯರ ಮನೆಯ ಮೌಲ್ಯವನ್ನು ತೆರಿಗೆಯ ಮಟ್ಟಿಗೆ ಏರದಂತೆ ನಿಲ್ಲಿಸುವ ಕಾನೂನುಂಟು. ಟಿಐಎಫ್ ತರುವವರು ಅದನ್ನೂ ಜೊತೆಗೇ ತರಬೇಕು.

ಹೊರಡುವಾಗ ದೊಡ್ಡಮ್ಮ ಒಳಗೆ ಹೋಗಿ ಒಂದು ತಗಡಿನ ಪೆಟ್ಟಿಗೆ ತಂದರು. ಒಳಗೆ ಹಳದಿಯಾದ ಗೇಣಿ ರಶೀದಿಗಳು. ವರ್ಷ ವರ್ಷದ್ದೂ ಜೋಡಿಸಿಟ್ಟಿದ್ದಾರೆ. ಒಂದೊಂದರಲ್ಲೂ ಅದೇ: ಮೂರು ಮುಡಿ, ಧಣಿಗಳ ರುಜು.

“1974ರ ಕಾನೂನು ಬಂದಾಗ ಡಿಕ್ಲರೇಶನ್ ಕೊಟ್ಟೆವು. ಟ್ರಿಬ್ಯೂನಲ್‌ನಲ್ಲಿ ಎಂತ ಆಧಾರ ಉಂಟು ಅಂತ ಕೇಳಿದರು. ನಿನ್ನ ದೊಡ್ಡಪ್ಪ ಈ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟರು. ಪಕ್ಕದ ಹಿತ್ತಿಲಿನವರು ನಮಗಿಂತ ಹೆಚ್ಚು ದುಡಿದವರು. ರಶೀದಿ ಇಟ್ಟುಕೊಂಡಿರಲಿಲ್ಲ. ಅವರಿಗೆ ಜಾಗ ಸಿಗಲಿಲ್ಲ.”

ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: “ನಿನ್ನ ಆ ಹೆಚ್ಚಿನ ದುಡ್ಡಿನ ಖಾತೆ ಉಂಟಲ್ಲ, ಅದರ ರಶೀದಿ ಯಾರ ಪೆಟ್ಟಿಗೆಯಲ್ಲಿರ್ತದೆ ಮಗಾ?”

ರಾತ್ರಿ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆ ಬಿಲ್ಲನ್ನು ಎಸೆಯಬೇಡ, ಫೈಲ್ ಮಾಡಿಡು ಅಂದೆ. ನನ್ನ ಈ ವರ್ಷದ ಚಲನ್ನೂ ಹಾಗೇ ಇಟ್ಟಿದ್ದೇನೆ. ನಿಮ್ಮದು ಎಲ್ಲುಂಟು, ಒಮ್ಮೆ ತೆಗೆದು ಓದಿ ನೋಡಿ.